ಆ ಸೇತುವೆಯ ಮೇಲೆ ಹಗ್ಗ ಹಿಡಿಯುವವರು ಯಾರು?

ಖಜೂರಿ, ಏಪ್ರಿಲ್ ೧೯೯೩

ಭಾವ ಶಾಂತಲಿಂಗಪ್ಪನವರಿಗೆ ನಿಮ್ಮ ಹೆಂಡತಿಯ ತಮ್ಮ ನಾಗಣ್ಣನ ಶರಣಾರ್ಥಿಗಳು.

ನ್ಯೂಜಿಲೆಂಡಿನಿಂದ ನೀವು ಬರೆದ ಕಾಗದ ನಿನ್ನೆ ನನ್ನ ಪಂಕ್ಚರ್ ಅಂಗಡಿಗೆ ಬಂತು. ಹೆಂಡತಿ ತವರಲ್ಲಿ, ಅಂದರೆ ನಮ್ಮ ಮನೆಯಲ್ಲೇ ಇರುವಾಗ ಮನೆಗೆ ಬರೆಯದೆ ಅಂಗಡಿಗೆ ಬರೆದಿದ್ದೀರಲ್ಲ, ಲಕೋಟೆ ಒಡೆಯುವ ಮೊದಲೇ ನನಗೆ ಅನುಮಾನ ಬಂತು. ಆಳಂದದ ಬೇಳೆ ವ್ಯಾಪಾರಿಗಳ ಜೊತೆ ಬಟಾಣಿ ನೋಡಿ ಬರುತ್ತೇನೆಂದು ಹೋದವರು ಸೇತುವೆ ಮೇಲಿಂದ ಹಾರುವ ಮಾತು ಬರೆದಿದ್ದೀರಿ. ಕಾಲಿಗೆ ರಬ್ಬರ್ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನದಿಯ ಕಡೆ ಧುಮುಕುವುದಂತೆ, ನೀರು ಮುಟ್ಟುವಷ್ಟರಲ್ಲಿ ಹಗ್ಗ ಮೇಲಕ್ಕೆ ಎಳೆದುಕೊಳ್ಳುವುದಂತೆ, ಅದರ ಹೆಸರು ಬಂಜೀ ಅಂತೆ. ಬೀಳುವುದಕ್ಕೂ ಟಿಕೆಟ್ ಕೊಳ್ಳುವ ಜನರಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಜೊತೆಗಾರ ಸೈದಪ್ಪ ಹಾರಿ ಬಂದು, "ಇನ್ನೊಮ್ಮೆ ಹುಟ್ಟಿ ಬಂದಂಗ ಆತ್ರಿ" ಅಂದನಂತೆ. ಮೇಲೆ ಬಂದವನು ಹಾಗೆ ಅನ್ನದೆ ಮತ್ತೇನು ಅಂದಾನು? ಬಾರದೆ ಹೋದವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದಿರಾ? ಮೊದಲು ತೂಕ ನೋಡುತ್ತಾರೆ, ತೂಕಕ್ಕೆ ತಕ್ಕ ಹಗ್ಗ ಹಾಕುತ್ತಾರೆ, ಕಟ್ಟಿದ್ದನ್ನು ಬೇರೊಬ್ಬ ಬಂದು ಮತ್ತೆ ನೋಡುತ್ತಾನೆ, ಕೆಳಗೆ ದೋಣಿಯೂ ಇರುತ್ತದೆ ಎಂದು ನನಗೆ ಸಮಾಧಾನ ಹೇಳಿದ್ದೀರಿ. ಹಗ್ಗದ ಮೇಲೆ ಅಷ್ಟು ಭರವಸೆ ಇದ್ದವರಿಗೆ ದೋಣಿ ಯಾಕೆ ಬೇಕು? ಸತ್ತರೆ ನಮ್ಮ ಹೊಣೆಯಲ್ಲ ಅಂತ ಮೊದಲೇ ಸಹಿ ಯಾಕೆ ಬೇಕು?

ರಬ್ಬರಿನ ಮೇಲಂತೂ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಹೊಚ್ಚ ಹೊಸದರಂತೆ ಮಿಂಚುವ ಟಯರು ಹಾಕಿಕೊಂಡು ನನ್ನ ಅಂಗಡಿಯಿಂದ ಹೊರಟ ಲಾರಿ ಉಮರ್ಗಾ ಮುಟ್ಟುವ ಮೊದಲೇ ಕುಂಟುತ್ತಾ ನಿಂತದ್ದನ್ನು ಕಂಡವನು ನಾನು. ಬಿಸಿಲು ತಿಂದ ರಬ್ಬರು ಒಳಗೊಳಗೇ ಸಾಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಆ ಹಗ್ಗ ನಿಮಗಿಂತ ಮೊದಲು ಎಷ್ಟು ಜನರನ್ನು ಹೊತ್ತಿದೆ ಅಂತ ಕೇಳಿದ್ದೀರಾ?

ಆ ಸುಖ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚಿಕ್ಕವನಿದ್ದಾಗ ಹೊಲದ ಬಾವಿಯ ದಂಡೆಯಿಂದ ಕಣ್ಣು ಮುಚ್ಚಿ ಹಾರುತ್ತಿದ್ದೆ. ಕಾಲ ಕೆಳಗಿನ ನೆಲ ಇಲ್ಲವಾಗುತ್ತಿತ್ತು, ನೀರಿಂದ ಎದ್ದವನೇ ಮತ್ತೆ ದಂಡೆ ಹತ್ತುತ್ತಿದ್ದೆ. ಅವ್ವ ಹೊಡೆಯಲು ಬರ್ಲು ಹಿಡಿದು ಬಂದರೂ ಬಿಡುತ್ತಿರಲಿಲ್ಲ. ಹಾಗಾಗಿ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ ಭಾವ, ಅದಕ್ಕೇ ಹೆಚ್ಚು ಹೆದರಿಕೆ.

ನಮ್ಮ ಮನೆಗಳ ಪದ್ಧತಿ ನಿಮಗೆ ಮರೆತಿರಲಿಕ್ಕಿಲ್ಲ. ಹೂಳು ತೆಗೆಯಲು ಬಾವಿಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವರನ್ನು ಹತ್ತಿರ ಬಿಡುವುದಿಲ್ಲ, ಅವರಿಗೆ ಹೊಲದ ಪಾಲಿನ ಮೇಲೆ ಕಣ್ಣಿರಬಹುದು. ಹೆಂಡತಿಯ ತಮ್ಮನಿಗಾದರೆ ಅಕ್ಕನ ತಾಳಿಯ ಚಿಂತೆ ಇರುತ್ತದೆ. ಒಂದು ಬೇಸಿಗೆಯಲ್ಲಿ ಹಾಗೆ ಇಳಿದಾಗ ಕಲ್ಲು ಕುಸಿದು ನೀವು ನಡುಬಾವಿಯಲ್ಲಿ ಜೋತುಬಿದ್ದಾಗ ನನ್ನ ಅಂಗೈ ಚರ್ಮ ಹಗ್ಗದ ಜೊತೆಗೇ ಹೋಯಿತು, ಹಗ್ಗ ಬಿಡಲಿಲ್ಲ. ಮೇಲೆ ಬಂದ ನೀವು ಮೈಯ ಕೆಸರು ಒರೆಸಿಕೊಳ್ಳುತ್ತಾ, "ಏನ್ ಮಜಾ ಬಂತಲೇ ನಾಗಣ್ಣ, ಇನ್ನೊಮ್ಮೆ ಇಳಸು" ಅಂದಿರಿ. ನಿಮ್ಮ ಸ್ವಭಾವ ನನಗೆ ಅವತ್ತೇ ತಿಳಿಯಬೇಕಿತ್ತು.

ಈಗ ಆ ಸೇತುವೆಯ ಮೇಲೆ ನಿಮ್ಮ ಕಾಲಿಗೆ ಗಂಟು ಹಾಕುವ ಹುಡುಗ ತನ್ನ ಅಕ್ಕನನ್ನು ನಿಮಗೆ ಕೊಟ್ಟಿದ್ದಾನೆಯೇ? ಹಗ್ಗದ ಇನ್ನೊಂದು ತುದಿಯನ್ನು ಕಬ್ಬಿಣಕ್ಕೆ ಬಿಗಿದಿರುತ್ತಾರೆ ಎಂದು ಬರೆದಿದ್ದೀರಿ. ಕಬ್ಬಿಣಕ್ಕೆ ಅಕ್ಕತಂಗಿಯರಿಲ್ಲ ಭಾವ.

ಇಷ್ಟು ವರ್ಷ ಕಾದ ಮೇಲೆ ಅಕ್ಕ ಬಸುರಿಯಾಗಿದ್ದಾಳೆ. ಬರುವ ತಿಂಗಳು ಕುಬಸ, ಉಡಿ ತುಂಬಲು ಹಸಿರು ಸೀರೆ ತಂದಿಟ್ಟಿದ್ದೇವೆ. ನೀವಾದರೋ, ಕೂಸು ಬಂದ ಮೇಲೆ ಇಂಥದ್ದಕ್ಕೆ ಧೈರ್ಯ ಬರುವುದಿಲ್ಲ, ಅದಕ್ಕೇ ಈಗಲೇ ಹಾರಿಬಿಡುತ್ತೇನೆ ಎಂದು ಬರೆದಿದ್ದೀರಿ. ನನಗೆ ರಬ್ಬರಿಗಿಂತ ಈ ಮಾತಿನ ಮೇಲೇ ಹೆಚ್ಚು ಅನುಮಾನ. ಅಲ್ಲಿ ನಿಂತು ನೀವು ಗೆಲ್ಲಬೇಕೆಂದಿರುವುದು ಸೇತುವೆಯ ಭಯವನ್ನೋ, ಅಪ್ಪನಾಗುವ ಭಯವನ್ನೋ?

ಅಕ್ಕನಿಗೆ ಹೇಳಬೇಡ ಅಂದಿದ್ದಿರಿ. ನಾನು ಹೇಳಲಿಲ್ಲ, ಆದರೆ ಒಗೆಯಲು ಹಾಕಿದ ನನ್ನ ಅಂಗಿಯ ಜೇಬಿನಲ್ಲಿ ನೀವು ಕಾಗದದ ಜೊತೆ ಕಳಿಸಿದ ಸೇತುವೆಯ ಫೋಟೋ ಅವಳ ಕೈಗೆ ಸಿಕ್ಕಿತು. "ಈ ಮಂದಿ ಅಲ್ಲಿ ಏನ್ ಮಾಡಾಕತ್ತಾರ?" ಅಂದಳು. ಗಾಳಿ ತೆಗೆದುಕೊಳ್ಳಲು ನಿಂತಿದ್ದಾರೆ ಅಂದೆ. "ಗಾಳಿ ತಗೋಳಾಕ ಬಾವಲಿಗತೆ ಜೋತು ಬೀಳ್ತಾರೇನಲೇ?" ಅಂದಳು. ಎಲ್ಲ ಹೇಳಬೇಕಾಯಿತು. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡೆ. ಅವಳು ಫೋಟೋವನ್ನು ತಲೆಕೆಳಗು ಮಾಡಿ ಹಿಡಿದು ಮತ್ತೆ ನೋಡಿದಳು. ಕೊನೆಗೆ, "ಹಾರೋದು ಬಿಡೋದು ಅವರಿಗೆ ಬಿಟ್ಟಿದ್ದು. ಅಲ್ಲಿ ಹಗ್ಗ ಯಾರ್ ಹಿಡೀತಾರ, ಅದೊಂದು ಕೇಳಿ ಬರಿ ತಮ್ಮಾ" ಅಂದಳು.

ಹಾರಬೇಡಿ ಅಂತ ಬರೆಯಲು ಕೂತೆ. ಹಾಗೆ ಬರೆದರೆ ನೀವು ಹಾರಿಯೇ ಹಾರುತ್ತೀರಿ, ಅದೂ ನನಗೆ ಗೊತ್ತು. ಆದ್ದರಿಂದ ಒಂದೇ ಮಾತು ಕೇಳುತ್ತೇನೆ. ಬಾವಿಯ ತಳ ಮುಟ್ಟಿದ ಕೂಡಲೇ ನೀವು ಹಗ್ಗ ಜಗ್ಗುತ್ತಿದ್ದಿರಿ, ಆಮೇಲೆಯೇ ನಾನು ಉಸಿರು ಬಿಡುತ್ತಿದ್ದೆ. ಊರಿಗೆ ಹೊರಡುವ ಮುಂಚಿನ ರವಿವಾರ ಸೇತುವೆಗೆ ಹೋಗುತ್ತೇವೆ ಎಂದಿದ್ದೀರಲ್ಲ, ಅವತ್ತು ಆಳಂದ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ. ಅಂಗಡಿಯ ಗೌಸಮೊಹಿದ್ದೀನನಿಗೆ ಹೇಳಿಟ್ಟಿದ್ದೇನೆ, ನಂಬರು ಹಿಂದಿನ ಪುಟದಲ್ಲಿದೆ. ಹಾರಿದರೂ ಸರಿ, ಹಾರದಿದ್ದರೂ ಸರಿ, "ನೆಲದ ಮೇಲಿದೀನಿ" ಅಂತ ಹೇಳಿ ಇಟ್ಟುಬಿಡಿ. ಅವತ್ತು ನನ್ನ ಅಂಗಡಿ ಮುಚ್ಚಿ ಅಲ್ಲೇ ಕೂತಿರುತ್ತೇನೆ. ಅಕ್ಕನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಆ ಫೋನು ಬರುವವರೆಗೆ ನಾನು ಹಗ್ಗ ಬಿಟ್ಟಿಲ್ಲ ಅಂತ ತಿಳಿಯಿರಿ.

ಬಸವಣ್ಣ ನಿಮ್ಮನ್ನು ನೆಟ್ಟಗೆ ನಿಂತ ಕಾಲ ಮೇಲೆ ಮನೆಗೆ ಕರೆತರಲಿ.

ನಿಮ್ಮ ಕೂಸಿನ ಸೋದರಮಾವ,
ನಾಗಣ್ಣ