ಗಂಟಿಲ್ಲದ ಇಲಿ

ಅಕ್ಕಾ,

ಇವತ್ತು ನನ್ನ ಉಪವಾಸ. ಮನೆ ಗುಡಿಸಿ, ದೀಪ ಹಚ್ಚಿ, ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಹೋಗಿ ಇಲಿಗಳ ಪಂಜರಕ್ಕೆ ಹೊಸ ಮರದ ಹೊಟ್ಟು ಹಾಸಿದೆ.

"ನಿಮಗಿಂತ ಇಲಿಗಳೇ ವಾಸಿ, ಹೊಟ್ಟೆ ತುಂಬ ತಿಂತಾವೆ," ಎಂದು ಅಲ್ಲಿನ ಡಾಕ್ಟರಮ್ಮ ರೇಗಿಸಿದರು.

ಇವು ಸ್ತನದಲ್ಲಿ ಕ್ಯಾನ್ಸರ್ ಗಂಟು ಬರುವ ತಳಿಯವು. ಬಾರದಿರಲೆಂದು ಮೊದಲೇ ಡಿಎನ್‌ಎ ಲಸಿಕೆ ಹಾಕಿದ್ದರು. ಒಂದನ್ನು ನನ್ನ ಕೈಗೆ ಕೊಟ್ಟು, "ಮೆಲ್ಲಗೆ ಸವರಿ ನೋಡಿ," ಎಂದರು. ಎಲ್ಲೂ ಗಂಟಿಲ್ಲ!

"ನಮ್ಮ ಹೆಣ್ಮಕ್ಕಳಿಗೆ ಯಾವಾಗ?" ಎಂದೆ.

"ಇನ್ನೂ ದೂರ ಇದೆಯಮ್ಮ. ಅಲ್ಲೀವರೆಗೆ ತಪಾಸಣೆ ಮಾಡಿಸ್ಕೋಬೇಕು."

ಅವತ್ತು ನೀನು ನನ್ನ ಇದೇ ಕೈಯನ್ನು ನಿನ್ನ ಎದೆಯ ಗಂಟಿನ ಮೇಲೆ ಇಟ್ಟುಕೊಂಡು, "ಯಾರಿಗೂ ಹೇಳ್ಬೇಡ ಕಣೇ," ಎಂದಿದ್ದೆ. ನಿನ್ನನ್ನು ಕೊಂಡುಹೋದದ್ದು ಆ ಗಂಟೇ ಎಂದು ನಿನ್ನ ಮಗಳಿಗೆ ಇನ್ನೂ ಗೊತ್ತಿಲ್ಲ.

ನಾಳೆ ಅವಳಿಗೆ ಎಲ್ಲ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ನೀನು ಬೇಡವೆನ್ನುವುದಾದರೆ, ದೇವರ ಕಡೆಯ ಯಾರ ಕೈಯಲ್ಲಾದರೂ ಬೆಳಗಾಗುವುದರೊಳಗೆ ಉತ್ತರ ಕಳಿಸು.