ಖಾಲಿ ಬಿಟ್ಟರೆ ತೃಪ್ತಿ

ಸೆಪ್ಟೆಂಬರ್ 8, ಸೋಮವಾರ

ಮಗಳ ಬಾಟಲಿ ಇವತ್ತೂ ತುಂಬಿಯೇ ವಾಪಸ್ ಬಂತು. ಬೆಳಿಗ್ಗೆ ನಾನೇ ತುಂಬಿ ಕೊಟ್ಟ ನೀರು. ಸಂಜೆ ನಾನೇ ಸಿಂಕಿಗೆ ಸುರಿದೆ.

"ಯಾಕೆ ಕುಡಿಯಲ್ವೇ?"

"ಕುಡಿದ್ರೆ ಹೋಗ್ಬೇಕಾಗುತ್ತಲ್ಲಮ್ಮ. ಎಲ್ಲಿಗೆ ಹೋಗ್ಲಿ?"

ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಇಲ್ಲವೆಂದಲ್ಲ. ಇದೆ. ಬಿಳಿ ಟೈಲ್ಸ್ ಹಾಕಿ ಫಳಫಳ ಅನ್ನಿಸಿದ್ದಾರೆ. ಬಾಗಿಲಿಗೆ ಬೀಗ. ಹುಡುಗಿಯರು ಗಲೀಜು ಮಾಡುತ್ತಾರಂತೆ, ತಪಾಸಣೆಗೆ ಬಂದವರಿಗೆ ಕ್ಲೀನಾಗಿ ಕಾಣಬೇಕಂತೆ — ಹೆಡ್‌ಮೇಷ್ಟ್ರ ಮಾತು. ಗೋಡೆ ಹೊಳೆಯಲಿ ಅಂತ ಏಳನೇ ಕ್ಲಾಸಿನ ಹುಡುಗಿ ಸಂಜೆವರೆಗೆ ಹಲ್ಲು ಕಚ್ಚಿಕೊಂಡು ಕೂರಬೇಕು. ಥೂ.

ಹೋದ ತಿಂಗಳು ಜ್ವರ, ಉರಿಮೂತ್ರ. ಡಾಕ್ಟರಮ್ಮ ಬೈದದ್ದು ನನಗೆ. "ಮಗೂಗೆ ನೀರು ಕುಡಿಸೋಕೂ ಬರಲ್ವೇನ್ರಿ?"

ಇನ್ನೊಂದು ಸಲ ಹೀಗಾದರೆ ಶಾಲೆಗೇ ಹೋಗಲ್ಲ ಅಂದಿದ್ದಾಳೆ ಮಗಳು. ಹಠಮಾರಿ. ಹೇಳಿದ್ದನ್ನು ಮಾಡುವವಳು.

ಸೆಪ್ಟೆಂಬರ್ 10, ಬುಧವಾರ

ಶಿಕ್ಷಣ ಕಚೇರಿಯಿಂದ ಫಾರಂ ಬಂದಿದೆ. "ನಮ್ಮ ವಲಯದ ಶಾಲೆಗಳ ಸುಧಾರಣೆಗೆ ಪೋಷಕರ ದನಿ." ಮನೆಮನೆಗೆ ಹಂಚಿ, ವಾಪಸ್ ತರುವ ಹೊಣೆ ನನ್ನದು. ಪೋಷಕರ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದೇ ಇಂಥ ಬಿಟ್ಟಿ ಚಾಕರಿಗೆ.

ಆದರೂ ಖುಷಿಯಾಯಿತು, ಸುಳ್ಳೇಕೆ? "ಕುಂದುಕೊರತೆ ಇದ್ದರೆ ಬರೆಯಿರಿ" ಅಂತ ಅರ್ಧ ಪುಟ ಜಾಗ ಬಿಟ್ಟಿದ್ದಾರೆ. ಎಲ್ಲ ತಾಯಂದಿರೂ ಅಲ್ಲಿ ಬೀಗ ಅಂತ ಬರೆದರೆ ಯಾವ ಅಧಿಕಾರಿ ಕಣ್ಣು ಮುಚ್ಚಿಕೊಳ್ಳುತ್ತಾನೋ ನೋಡೋಣ.

ಅತ್ತೆ ಕನ್ನಡಕದ ಮೇಲಿಂದ ನೋಡಿ ಅಂದರು — "ಕಾಗದ ಕೊಟ್ಟೋರೆಲ್ಲ ಕಿವಿ ಕೊಡ್ತಾರೇನೇ?"

ಸೆಪ್ಟೆಂಬರ್ 19, ಶುಕ್ರವಾರ

ವಾರವಿಡೀ ಆಸ್ಪತ್ರೆ ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡಿ, ಆ ಆವಿಯಲ್ಲಿ ಬೆಂದ ಮೈಯಲ್ಲೇ ಮನೆಮನೆಯ ಮೆಟ್ಟಿಲು ಹತ್ತಿ ಇಳಿದೆ. ಫಾರಂಗಳೆಲ್ಲ ಬಂದವು. ಒಂದೊಂದಾಗಿ ತಿರುವಿದೆ.

ಖಾಲಿ. ಖಾಲಿ. ಖಾಲಿ. ಎಲ್ಲರೂ ಕೆಳಗೆ ರುಜು ಹಾಕಿದ್ದಾರೆ, ಅಷ್ಟೆ.

ಎದುರು ಮನೆಗೆ ಓಡಿದೆ. ಅಲ್ಲಿರುವವಳು ಬೇಕರಿ ಅಕ್ಕ, ಓವನ್ ಮುಂದೆ ನಿಂತು ದುಡಿಯುವವಳು. ಅವಳ ಮಗಳೂ ನನ್ನ ಮಗಳ ಕ್ಲಾಸೇ, ಅದೇ ಗೋಳು.

"ಅಕ್ಕಾ, ಏನೂ ಬರೆದೇ ಇಲ್ವಲ್ಲ!"

"ಸೈನ್ ಹಾಕಿದೀನಲ್ಲೇ."

"ಮೇಲೆ?"

"ಮೇಲೆ ಬರೆಯೋದು ಮೇಷ್ಟ್ರಲ್ವಾ? ಮಾರ್ಕ್ಸ್ ಕಾರ್ಡ್ ಬಂದಾಗ ನಾವು ಕೆಳಗೆ ತಾನೆ ಹಾಕೋದು?"

ತಲೆ ಚಚ್ಚಿಕೊಳ್ಳುವಂತಾಯಿತು. ಯಾರ ಮೇಲೆ ಸಿಟ್ಟಾಗಲಿ? ವರ್ಷಾನುಗಟ್ಟಲೆ ಶಾಲೆ ನಮಗೆ ಕಲಿಸಿದ ಒಂದೇ ಪಾಠ ಇದು: ಮೇಲೆ ಅವರು ಬರೆಯುತ್ತಾರೆ, ಕೆಳಗೆ ನಾವು ರುಜು ಹಾಕುತ್ತೇವೆ. ಹಿಂದೊಮ್ಮೆ ಅಕ್ಕ ಮಾರ್ಕ್ಸ್ ಕಾರ್ಡಿನಲ್ಲಿ ಏನೋ ಪ್ರಶ್ನೆ ಬರೆದು, "ಕಾರ್ಡ್ ಗಲೀಜು ಮಾಡಿದ್ರಿ" ಅಂತ ಬೈಸಿಕೊಂಡಿದ್ದಳು. ಎಲ್ಲಕ್ಕೂ ಇವರಿಗೆ ಗಲೀಜಿನದೇ ಚಿಂತೆ.

ಶಾಲೆಗೆ ಹೋಗಿ, ಮತ್ತೆ ಬರೆಸಿಕೊಂಡು ಬರುತ್ತೇನೆ ಅಂದರೆ ಹೆಡ್‌ಮೇಷ್ಟ್ರು ಕಟ್ಟನ್ನು ಕೈಯಿಂದ ಎಳೆದುಕೊಂಡರು. "ಇವತ್ತೇ ಲಾಸ್ಟ್ ಡೇಟ್ ಕಣಮ್ಮ." ಮುಖದಲ್ಲಿ ಎಂಥ ಕಳೆ!

ಸೆಪ್ಟೆಂಬರ್ 26, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಶಿಕ್ಷಣ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿಗೆ ನಾನಿಟ್ಟ ಹೆಸರು ಸುಧಾರಣೆ ಸಾಹೇಬ — ಬಾಯಿ ಬಿಟ್ಟರೆ ಅದೊಂದೇ ಪದ.

"ನಿಮ್ಮ ಶಾಲೆ ಇಡೀ ವಲಯಕ್ಕೇ ಫಸ್ಟ್ ಕಣಮ್ಮ! ಒಂದು ದೂರೂ ಇಲ್ಲ."

"ಸಾರ್, ಅವು ಖಾಲಿ ಫಾರಂ."

"ಹೌದು. ಖಾಲಿ ಬಿಟ್ರೆ ತೃಪ್ತಿ. ರೂಲ್ಸೇ ಇದೆಯಲ್ಲ."

ಬೀಗದ ವಿಷಯ ಹೇಳಿದೆ. ಬಾಯಿಮಾತು ಲೆಕ್ಕಕ್ಕಿಲ್ಲವಂತೆ. ದನಿ ಏರಿಸಿದೆ. ಪಕ್ಕದ ಮೇಜಿನವರು ಕತ್ತೆತ್ತಿದರು. ಮುಂದಿನ ಶನಿವಾರ ಶಾಲೆಗೆ ತಾನೇ ಬಂದು ಪೋಷಕರ ಸಭೆ ಮಾಡುತ್ತಾನಂತೆ. "ಅಲ್ಲಿ ಮಾತಾಡಿ, ಧಾರಾಳವಾಗಿ."

ಗೋಡೆಗೆ ಹಣೆ ಚಚ್ಚಿದರೆ ಗೋಡೆಯಾದರೂ ಸದ್ದು ಮಾಡುತ್ತದೆ.

ಅಕ್ಟೋಬರ್ 4, ಶನಿವಾರ. ಸಂಜೆ

ನಗಬೇಕೋ, ಸಿಟ್ಟಾಗಬೇಕೋ...

ಸಭೆ ಅಂದರೆ ಅವರ ಭಾಷಣ. ಸುಧಾರಣೆ, ಸಹಭಾಗಿತ್ವ, ಪಾರದರ್ಶಕತೆ. ನಡುನಡುವೆ ಸಾಹೇಬನಿಗೆ ಟೀ, ಮೇಲೆ ಮತ್ತೆ ಟೀ. ನಾವು ಕೈ ಎತ್ತಿದಾಗ "ಸಮಯದ ಅಭಾವ, ಇನ್ನೊಮ್ಮೆ ನೋಡೋಣ". ಎಲ್ಲರೂ ಎದ್ದರು.

ಸಾಹೇಬ ಹೆಡ್‌ಮೇಷ್ಟ್ರ ಕಿವಿಯಲ್ಲಿ ಏನೋ ಉಸುರಿದ. ಹೆಡ್‌ಮೇಷ್ಟ್ರು ಜೇಬಿಂದ ಬೀಗದ ಕೈ ತೆಗೆದರು. ಇಬ್ಬರೂ ಹುಡುಗಿಯರ ಶೌಚಾಲಯದತ್ತ ಸರಸರ ನಡೆದರು. ಶಾಲೆಯಲ್ಲಿ ಕ್ಲೀನಾಗಿರುವುದು ಅದೊಂದೇ ತಾನೆ.

ಬಾಗಿಲಿಗೆ ಬೆನ್ನು ಕೊಟ್ಟು ಬೇಕರಿ ಅಕ್ಕ ನಿಂತಿದ್ದಳು. ಕೈಯಲ್ಲಿ ಉಳಿದಿದ್ದ ಒಂದು ಫಾರಂ, ಒಂದು ಪೆನ್ನು. ನಾನು ಓಡಿಹೋಗಿ ಪಕ್ಕ ನಿಂತೆ. ಉಳಿದ ತಾಯಂದಿರೂ ಬಂದರು.

"ಒಂದ್ನಿಮಿಷ ಸಾರ್. ಇದನ್ನ ತುಂಬಿ," ಅಂದಳು ಅಕ್ಕ.

"ಏನಮ್ಮ ಇದು? ಅರ್ಜೆಂಟಿದೆ, ಜಾಗ ಬಿಡಿ."

"ನಮ್ಮ ಮಕ್ಕಳಿಗೂ ಅರ್ಜೆಂಟೇ ಸಾರ್. ಅವ್ರಿಗೆ ಯಾರು ಜಾಗ ಬಿಟ್ರು?"

ಹಿಂದಿನಿಂದ ಕಿಸಕ್ ಅಂತ ನಗು. ಸಾಹೇಬ ಕಾಲು ಬದಲಿಸಿ ನಿಂತ. ಮತ್ತೆ ಬದಲಿಸಿದ. ಪೆನ್ನು ಕಿತ್ತುಕೊಂಡು, "ಏನು ಬರೀಬೇಕು ಬೇಗ ಹೇಳಿ!"

"ಏನೂ ಬರೀಬೇಡಿ ಸಾರ್," ಅಂದೆ ನಾನು. "ಕೆಳಗೆ ಸೈನ್ ಹಾಕಿ ಸಾಕು. ಖಾಲಿ ಬಿಟ್ರೆ ತೃಪ್ತಿ ತಾನೆ?"

ಅವನ ಮುಖ ಕಪ್ಪಿಟ್ಟಿತು. ಹೆಡ್‌ಮೇಷ್ಟ್ರತ್ತ ತಿರುಗಿ ಎಲ್ಲರೆದುರೇ ಕಿರುಚಿದ — "ಸೋಮವಾರದಿಂದ ಇಲ್ಲಿ ಬೀಗ ಇರಕೂಡದು!" ಬಿಟ್ಟೆವು. ಓಡಿದ.

ದಾರಿಯುದ್ದಕ್ಕೂ ನಕ್ಕೆವು. ಮನೆಗೆ ಬಂದು ಕೂತ ಮೇಲೆ ಹೊಟ್ಟೆ ಉರಿಯಿತು. ನಮ್ಮ ಮಕ್ಕಳ ಜ್ವರಕ್ಕೆ ಕೇಳದ ಕಿವಿ, ಒಬ್ಬ ಸಾಹೇಬನಿಗೆ ಒತ್ತರಿಸಿ ಬಂದಾಗ ಕೇಳಿತು!

ಅಕ್ಟೋಬರ್ 6, ಸೋಮವಾರ

ಬಾಟಲಿ ಬರಿದು. ತಲೆಕೆಳಗೆ ಮಾಡಿ ನೋಡಿದೆ. ಹನಿಯೂ ಇಲ್ಲ.

ಅಕ್ಟೋಬರ್ 15, ಬುಧವಾರ

ಬಾಟಲಿ ಮತ್ತೆ ತುಂಬಿದೆ.

ಕೇಳುವ ಮೊದಲೇ ಮಗಳು ಹೇಳಿದಳು. ಹೊಸ ಬೀಗ, ಹಳೆಯದಕ್ಕಿಂತ ದಪ್ಪ. ವಲಯದ ಅತ್ಯುತ್ತಮ ಶಾಲೆ ಅಂತ ಫೋಟೋ ತೆಗೆಯಲು ಬರುತ್ತಾರಂತೆ, ಟೈಲ್ಸ್ ಉಜ್ಜಿಸಿ ಬೀಗ ಜಡಿದಿದ್ದಾರೆ. ಯಾವತ್ತು ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಅಲ್ಲಿವರೆಗೆ ಹುಡುಗಿಯರು ಹಲ್ಲು ಕಚ್ಚಿಕೊಂಡು ಕೂರಲಿ!

"ನಾಳೆಯಿಂದ ನಾನು ಹೋಗಲ್ಲಮ್ಮ." ಅಳಲಿಲ್ಲ. ಚೀಲವನ್ನು ಅಟ್ಟದ ಮೇಲೆ ಎಸೆದಳು.

ಎಸೆದ ರಭಸಕ್ಕೆ ಚೀಲದಿಂದ ಇನ್ನೊಂದು ಫಾರಂ ಜಾರಿ ಕೆಳಗೆ ಬಿತ್ತು. "ಶೌಚಾಲಯ ಸುಧಾರಣೆಯ ಬಗ್ಗೆ ನಿಮಗೆಷ್ಟು ತೃಪ್ತಿ?"

ಅಕ್ಟೋಬರ್ 16, ಗುರುವಾರ. ಬೆಳಿಗ್ಗೆ

ಲಾಂಡ್ರಿಗೆ ರಜೆ ಹೇಳಿದೆ. ಫಾರಂ ಮುಂದಿಟ್ಟುಕೊಂಡು ಕೂತಿದ್ದೆ. ಅತ್ತೆ ಮಂಚದ ಕೆಳಗೆ ಕೈ ಹಾಕಿ ತಡಕಾಡಿ ಸುತ್ತಿಗೆ ಎಳೆದರು. ಫಾರಂ ಮೇಲೇ ಇಟ್ಟರು.

"ಪೆನ್ನಿಗೆ ಬಗ್ಗೋ ಜನ ಅಲ್ಲ ಕಣೇ ಅವ್ರು."

ಹೊರಗೆ ಬೇಕರಿ ಅಕ್ಕ ಕೂಗುತ್ತಿದ್ದಾಳೆ. ಅವಳ ಹಿಂದೆ ಇನ್ನೂ ಹೆಂಗಸರ ದನಿ. ಹೆಡ್‌ಮೇಷ್ಟ್ರು ಬರುವ ಮೊದಲೇ ಬೀಗ ಒಡೆದು ಮುಗಿಸಬೇಕು... ಅಲ್ಲ. ಬಂದ ಮೇಲೆಯೇ. ಅವರ ಕಣ್ಣೆದುರೇ.

ಅಟ್ಟದಿಂದ ಚೀಲ ಇಳಿಸುವ ಸದ್ದು. ಮಗಳು ನಲ್ಲಿ ತಿರುಗಿಸಿದಳು. ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಕಾಯುತ್ತಾ, ನೀರು ಕುತ್ತಿಗೆವರೆಗೆ ತುಂಬಿ —