ಕರಿಯನ ಮೂಗು

ಹರದನಹಳ್ಳಿ
೧೮-೩-೨೦೨೫

ಪ್ರೀತಿಯ ಪವಿತ್ರಕ್ಕನಿಗೆ,

ನಿನ್ನ ತಂಗಿ ಶಿವರಂಜಿನಿಯ ನಮಸ್ಕಾರ. ಮೊದಲು ನನ್ನನ್ನು ಬೈದು ಮುಗಿಸು, ಆಮೇಲೆ ಓದು. ಭೀಮನಬೀಡಿನಲ್ಲಿ ಹೊಸ ಮನೆ ಕಟ್ಟಿ ಒಕ್ಕಲಿಗೆ ಕರೆದರೆ ಒಡಹುಟ್ಟಿದವಳೇ ಬರಲಿಲ್ಲ. ಆಮೇಲೆ ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಎತ್ತಿದರೆ ನೀನು ಸುಮ್ಮನಿರುತ್ತೀಯಾ? 'ಎಲ್ಲಿ, ವಿಡಿಯೋ ಆಕಮ್ಮಿ, ಮಖ ನೋಡನ' ಅನ್ನುತ್ತೀಯ. ಅದಕ್ಕೇ ಈ ಕಾಗದ. ಹೋದ ಯುಗಾದಿಗೆ ಬಂದಾಗ ನನ್ನ ಕೆನ್ನೆಯ ಕೆಂಪು ಮಚ್ಚೆ ನೋಡಿ ಏನದು ಎಂದು ಕೇಳಿದ್ದೆ. ಬಿಸಿಲಿಗೆ ಬಂದದ್ದು ಅಂದಿದ್ದೆ. ಅದು ಹಾಗೇ ಇದೆ, ಬಿಡು.

ಒಕ್ಕಲಿಗೆ ಬರದಿದ್ದುದು ನಮ್ಮ ನಾಯಿ ಕರಿಯನಿಂದಾಗಿ. ನಾಯಿಗೋಸ್ಕರ ಅಕ್ಕನ ಮನೆ ತಪ್ಪಿಸಿದಳಾ ಎಂದು ಭಾವ ನಗಬಹುದು, ನಗಲಿ. ಇವರು ನಿಮ್ಮಲ್ಲಿಗೆ ಬಂದಾಗ ಅದರ ಮೂಗಿಗೆ ಮುಲಾಮು ಹಚ್ಚಲು ಒಬ್ಬರು ಇರಬೇಕಿತ್ತು. ನಮ್ಮತ್ತೆ ಅದನ್ನು ಮುಟ್ಟುವುದಿಲ್ಲ.

ಹೋದ ಬೇಸಿಗೆಯಲ್ಲಿ ಅದರ ಮೂಗಿನ ಕಪ್ಪು ಬಿಳಿಚಿಕೊಳ್ಳಲು ಶುರುವಾಯಿತು. ಹೆಸರು ಕರಿಯ, ಮೂಗು ಮಾತ್ರ ಸುಣ್ಣ ಬಳಿದ ಹಾಗೆ. ನಾವು ನಕ್ಕೆವು. ಆಮೇಲೆ ಹೊಟ್ಟು ಎದ್ದು, ಬಿರಿದು, ರಕ್ತ ಜಿನುಗತೊಡಗಿತು. ಬೇವಿನೆಣ್ಣೆ, ಅರಿಶಿನ ಎಲ್ಲ ಆಯಿತು. ಹಚ್ಚಿದ್ದನ್ನೆಲ್ಲ ನೆಕ್ಕಿ ವಾಂತಿ ಮಾಡಿಕೊಂಡಿತು. ಕೊನೆಗೆ ಇವರು, ನೀನೇ ಹುಡುಕಿಕೊಟ್ಟ ಶಿವಮೂರ್ತಿ, ಅದನ್ನು ಆಟೋದಲ್ಲಿ ಕೂರಿಸಿಕೊಂಡು ಚಾಮರಾಜನಗರದ ಪಶು ಆಸ್ಪತ್ರೆಗೆ ಹೊರಟರು. ಹಿಡಿದುಕೊಳ್ಳಲು ನಾನೂ ಹೋದೆ.

ಡಾಕ್ಟರು ನೋಡಿ, 'ಇದರ ರಕ್ತವೇ ಇದರ ಚರ್ಮದ ಮೇಲೆ ತಿರುಗಿಬಿದ್ದಿದೆ. ಪೂರ್ತಿ ಹೋಗೋ ಕಾಯಿಲೆ ಅಲ್ಲ, ಇಟ್ಕೊಂಡೇ ಬದುಕಬೇಕು. ಯಾರಿಗೂ ಅಂಟಲ್ಲ, ಹೆದರಬೇಡಿ' ಅಂದರು. ಆಮೇಲೆ ನನ್ನ ಮುಖ ನೋಡಿ, 'ನೀವೂ ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸಮ್ಮ' ಅಂದರು. ಇವರು ಔಷಧಿ ಚೀಟಿ ಓದುತ್ತಿದ್ದರು.

ಬಿಸಿಲು ಕೂಡದು. ಪ್ಲಾಸ್ಟಿಕ್ ಬಟ್ಟಲಲ್ಲಿ ಊಟ ಇಡಬಾರದು ಅಂದರು, ನನ್ನ ಮದುವೆಗೆ ನೀನು ಕೊಟ್ಟ ಸ್ಟೀಲ್ ಬೋಗುಣಿ ಈಗ ಅದರದ್ದು, ಬೇಜಾರು ಮಾಡಿಕೊಳ್ಳಬೇಡ. ಮುಲಾಮು ಮನುಷ್ಯರದ್ದೇ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇವರು ಕಚೇರಿಗೆ ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಜಗಲಿಯಲ್ಲಿ ಕೂತು ಬರಿಬೆರಳಲ್ಲಿ ಹಚ್ಚುತ್ತಾರೆ. ನೆಕ್ಕಬಾರದಲ್ಲ, ಅದು ಒಣಗುವ ತನಕ ಮೂತಿ ಹಿಡಿದುಕೊಂಡು, ಗದ್ದ ಕೆರೆಯುತ್ತಾ, ಕಚೇರಿಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಾರೆ.

ಪಕ್ಕದ ಮನೆ ಚಿಕ್ಕಬಸವಯ್ಯ ಬಂದು, 'ತೊನ್ನು ಇಡ್ದಿರೋ ನಾಯ್ನ ಒಳಕ್ ಬುಟ್ಕಂಡಿದ್ದೀಯಲ್ಲ, ಎಲ್ಲಾರ ದೂರ ಬುಟ್ಬುಡ್ಲಾ' ಅಂದ. ಇವರು ಬೀದಿಗೆಲ್ಲ ಕೇಳುವಂತೆ, 'ಅಂಟಲ್ಲ ಕಣಣ್ಣ, ಡಾಕ್ಟ್ರೇ ಏಳವ್ರೆ' ಅಂದರು. ಅತ್ತೆ ಒಳಗಿನಿಂದ, 'ಯಾವ ಕರ್ಮಕ್ ತಂದ್ಕತ್ತೊ' ಎಂದು ಗೊಣಗಿದರೆ, 'ಅದೇನ್ ಬೇಕೂಂತ ತಂದ್ಕತ್ತೇನವ್ವ? ಪಾಪ, ಸುಮ್ಕಿರು' ಎಂದು ಬಾಯಿ ಮುಚ್ಚಿಸಿದರು. ನಾನು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನಿಸಿ ಜರಡಿ ನಿಲ್ಲಿಸಿ ಕೇಳಿಸಿಕೊಂಡೆ.

ಸಂಕ್ರಾಂತಿ ಹೊತ್ತಿಗೆ ಮೂಗಿನ ತುದಿಯಲ್ಲಿ ಕಪ್ಪು ಮತ್ತೆ ಬಂತು. ಇವರು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆಮೇಲೆ ಒಂದು ಮಧ್ಯಾಹ್ನ ನನ್ನ ಕೈ ತಪ್ಪಿಸಿಕೊಂಡು ಉರಿಬಿಸಿಲಲ್ಲಿ ಮೇಕೆಗಳ ಹಿಂದೆ ಓಡಿತು. ಅಷ್ಟೇ. ಈಗ ಮೊದಲಿಗಿಂತ ಕೆಟ್ಟಿದೆ, ನೀರಿಗೆ ಮೂತಿ ಇಟ್ಟರೆ ನೀರು ಕೆಂಪಾಗುತ್ತದೆ. ಸಾಕಾಗಿದೆ ಅಕ್ಕ. ವಾಸಿಯಾಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಎದ್ದು ಅದೇ ಬಳಿಯುವುದು. ಅದಕ್ಕೆ ಕನ್ನಡಿ ನೋಡುವ ಅಭ್ಯಾಸವಿಲ್ಲ, ಅದೊಂದು ಪುಣ್ಯ. ಬಾಗಿಲು ತೆಗೆದಾಗ ಬಿಸಿಲು ಒಳಗೆ ಬಂದರೆ ನಾವಿಬ್ಬರೂ ಹಿಂದಕ್ಕೆ ಸರಿದು ಕೂರುತ್ತೇವೆ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿ ಓದಿಕೊಳ್ಳಲಿ, ಚಿಕ್ಕಮ್ಮನ ಮುತ್ತು ಕೊಡು. ಹೊಸ ಮನೆಯಲ್ಲಿ ನಿನಗೆ ಕಣ್ಣೀರು ಬರಿ ಈರುಳ್ಳಿಗೆ ಬರಲಿ. ಮಾದಪ್ಪ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಶಿವರಂಜಿನಿ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಸುಳ್ಳು ಬರೆದಿದ್ದೇನೆ ಅಕ್ಕ. ಒಕ್ಕಲಿನ ದಿನ ನೀನು ಕಳಿಸಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನ ಮುಖ ನೋಡಿ, 'ಜನ ಸೇರೋ ಕಡೆ ನೀನ್ಯಾಕೆ, ನಾಯ್ನ ನೋಡ್ಕಂಡಿರು' ಅಂದರು. ಮಚ್ಚೆ ಎರಡು ಕೆನ್ನೆಗೂ ಹರಡಿ ಮೂಗಿನ ಮೇಲೆ ಬಂದಿದೆ. ಒಬ್ಬಳೇ ಹೋಗಿ ತೋರಿಸಿಕೊಂಡು ಬಂದೆ. ಕರಿಯನಿಗಿರುವುದೇ ನನಗೂ ಇರುವುದು. ಮುಲಾಮೂ ಅದೇ. ಇವರು ಎರಡು ಟ್ಯೂಬ್ ತಂದು, ಒಂದನ್ನು ನನ್ನ ಕಿಟಕಿಯಲ್ಲಿಟ್ಟು ಜಗಲಿಗೆ ಹೋಗುತ್ತಾರೆ. ಮಲಗುವುದೂ ಅಲ್ಲೇ, ನಾಯಿಯ ಪಕ್ಕ. ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಮೊನ್ನೆ ಅತ್ತೆ ನನ್ನನ್ನೇ ಕುರಿತು, 'ಯಾವ ಕರ್ಮಕ್ ತಂದ್ಕಂಡ್ಲೊ' ಅಂದರು. ಇವರು ಆಗಷ್ಟೇ ಕರಿಯನಿಗೆ ಹಚ್ಚಿ ಮುಗಿಸಿದ್ದರು. ಈಗ ಹೇಳುತ್ತಾರೆ, ಆ ಮಾತನ್ನೇ ಹೇಳುತ್ತಾರೆ ಎಂದು ಬಾಗಿಲ ಹಿಂದೆ ನಿಂತು ಕಾದೆ. ಮುಲಾಮು ಒಣಗುವ ತನಕ ಅದರ ಮೂತಿ ಹಿಡಿದುಕೊಂಡು ಕೂತಿದ್ದರು ಅಕ್ಕ, ಬಾಯಿ ಬಿಡಲಿಲ್ಲ.